ರೋಸಿ ಬಾಗಿಲು ತೆಗೆಯಲಿಲ್ಲ

ಅಮೆರಿಕದ ಬೆರ್ರಿಯೆಸಾದಲ್ಲಿ ನನ್ನ ಗ್ರೋಸರಿ ಅಂಗಡಿಯ ಪಕ್ಕ ರೋಸಿ ಲಿಯಾವ್ ಬ್ಯೂಟಿ ಪಾರ್ಲರು ನಡೆಸುತ್ತಿದ್ದಳು. ಚೀನೀ ಮನೆತನ; ಹುಟ್ಟಿದ್ದು ಬೆಂಗಳೂರಿನ ಶಿವಾಜಿನಗರ. ಅಲ್ಲಿ ಅಪ್ಪನದು ಚಪ್ಪಲಿ ಅಂಗಡಿ. ಚೀನಾವನ್ನು ಅವಳು ಭೂಪಟದಲ್ಲಷ್ಟೇ ಕಂಡವಳು. ಆದರೂ ಅರವತ್ತೆರಡರ ಯುದ್ಧವಾದಾಗ ಬೀದಿಯವರು ‘ನಿಮ್ಮೂರಿಗೆ ಹೋಗಿ’ ಎಂದರು. ಇಲ್ಲಿಗೆ ಬಂದರೆ ಹಾಂಗ್‌ಕಾಂಗಿನ ಚೀನೀಯರು ‘ಇಂಡಿಯನ್’ ಎಂದರು. ನಮ್ಮ ಹೆಂಗಸರಂತೂ ಅವಳ ಮುಂದೆಯೇ ಅವಳ ರೇಟನ್ನು ಕನ್ನಡದಲ್ಲಿ ಬೈದು, “ಕಮ್ಮಿ ಮಾಡ್ಕೊಡ್ತೀನಿ, ಕೂತ್ಕೊಳ್ರೀ” ಎಂಬ ಉತ್ತರ ಕೇಳಿ ಕುರ್ಚಿಯಲ್ಲೇ ಕುಗ್ಗುತ್ತಿದ್ದರು.

ಎಂಬತ್ತಾರರಲ್ಲಿ ಅವಳ ಮಗಳು ಲಿಲಿಯನ್‌ಗೆ ಹಾಂಗ್‌ಕಾಂಗ್ ಕಡೆಯ ಹುಡುಗನ ಜೊತೆ ಮದುವೆ ಗೊತ್ತಾಯಿತು. ಹುಡುಗನ ತಾಯಿ ಮಿಸೆಸ್ ಕ್ವಾಕ್ ‘ಇಂಡಿಯಾದ ಚೀನೀಯರಿಗೆ ಪದ್ಧತಿ ಏನು ಗೊತ್ತು?’ ಎಂದು ನಾಲ್ಕು ಜನರೆದುರು ಆಡಿಬಿಟ್ಟಿದ್ದರು. ಅವರ ಬಾಯಿಗೆ ಸಿಗದ ಹಾಗೆ ಮದುವೆ ಮುಗಿಸಬೇಕೆಂದು ರೋಸಿ ಹಟ ತೊಟ್ಟಳು.

ಒಂದು ಮಧ್ಯಾಹ್ನ ನನ್ನ ಅಂಗಡಿಯ ಕ್ಯಾಲೆಂಡರಿನ ಮುಂದೆ ನಿಂತು ಅಳುಮುಖ ಮಾಡಿದಳು.

“ಅಣ್ಣಾ, ಅವರ ಪಂಚಾಂಗದಲ್ಲಿ ಶನಿವಾರ ಒಂಬತ್ತರಿಂದ ಹನ್ನೊಂದು ಒಳ್ಳೇ ಟೈಮಂತೆ. ಹುಡುಗೀನ ಕರ್ಕೊಂಡೋಗಕ್ಕೆ ಒಂಬತ್ತಕ್ಕೇ ಬರ್ತಾರೆ. ಹತ್ತೂವರೆವರೆಗೂ ರಾಹುಕಾಲ ಅಲ್ವಾ?”

“ಚೀನಾದವಳಿಗೆ ರಾಹು ಏನಮ್ಮಾ ಮಾಡ್ತಾನೆ?”

“ತಮಾಷೆ ಬೇಡಿ. ನಮ್ಮಪ್ಪ ರಾಹುಕಾಲದಲ್ಲಿ ಅಂಗಡಿ ಬೀಗಾನೇ ತೆಗೀತಿರ್ಲಿಲ್ಲ. ಮಗಳನ್ನ ಹೆಂಗೆ ಕಳಿಸ್ಲಿ?”

“ಹತ್ತೂವರೆಗೆ ಬನ್ನಿ ಅಂತ ಹೇಳು.”

“ಯಾಕೆ ಅಂತ ಕೇಳಿದ್ರೆ? ರಾಹುಕಾಲ ಅಂದ್ರೆ ಆ ಯಮ್ಮ ನಮ್ಮನ್ನ ಚೀನಾದೋರೇ ಅಲ್ಲ ಅಂತಾಳೆ.”

ಮೂಗು ಒರೆಸಿಕೊಳ್ಳುತ್ತ ಇನ್ನೊಂದು ಮಾತು ಹೇಳಿದಳು. ಚೀನೀ ಮದುವೆಗಳಲ್ಲಿ ಹೆಣ್ಣಿನ ಕಡೆಯವರು ಬಾಗಿಲಿಗೆ ಅಡ್ಡ ನಿಂತು, ಗಂಡಿನ ಜೊತೆ ಚೌಕಾಸಿ ಮಾಡಿದ ಮೇಲೇ ಒಳಗೆ ಬಿಡುವುದಂತೆ. ಐದು ನಿಮಿಷದ ಹುಡುಗಾಟ.

“ಚೌಕಾಸಿನಾ? ನಂಗೆ ಬಿಡು,” ಎಂದೆ.

ಶನಿವಾರ ಒಂಬತ್ತಕ್ಕೆ ರೋಸಿಯ ಮನೆ ಮುಂದೆ ಕಾರುಗಳು ಬಂದು ನಿಂತವು. ಬಾಗಿಲ ಸರಪಳಿ ಹಾಕಿಕೊಂಡು ಒಳಗೆ ನಾನು ನಿಂತೆ. ಮದುಮಗ ರೇಮಂಡ್ ಉಡುಗೊರೆಯ ಕೆಂಪು ಲಕೋಟೆ ಚಾಚಿದ. ಬಣ್ಣ ಮಂಕಾಗಿದೆ ಎಂದು ವಾಪಸು ಕೊಟ್ಟೆ. ಹಾಡಿಸಿದೆ, ಶ್ರುತಿ ಸೇರಲಿಲ್ಲವೆಂದು ಮತ್ತೆ ಹಾಡಿಸಿದೆ. ಅವನ ಗೆಳೆಯರು ಹುಲ್ಲಿನ ಮೇಲೆ ಕೂತುಬಿಟ್ಟರು.

“ಹುಡುಗಿಗೆ ಇಷ್ಟವಾದ ಊಟ ಯಾವುದು?”

“ಚಿತ್ರಾನ್ನ!” ಎಂದು ಪಾಪದವನು ಕೂಗಿದ.

“ಅದೇನದು?” ಎಂದರು ಮಿಸೆಸ್ ಕ್ವಾಕ್.

“ನಮ್ಮ ಕಡೆ ಫ್ರೈಡ್ ರೈಸು!” ಎಂದು ರೋಸಿ ಒಳಗಿನಿಂದಲೇ ಇಂಗ್ಲಿಷಿನಲ್ಲಿ ಕಿರುಚಿದಳು.

ಮಿಸೆಸ್ ಕ್ವಾಕ್ ಬಾಗಿಲಿಗೆ ಬಂದು ಸಂದಿಯಲ್ಲಿ ಇಣುಕಿದರು. “ನೀವು ಯಾರು?”

“ಹುಡುಗಿಯ ಸೋದರಮಾವ.”

ಆಕೆ ನನ್ನ ಮೂಗನ್ನು ಬಹಳ ಹೊತ್ತು ನೋಡಿದರು.

ಹತ್ತೂವರೆ ದಾಟಿದ್ದೇ ಸರಪಳಿ ತೆಗೆದೆ. ಮಿಸೆಸ್ ಕ್ವಾಕ್ ನೆಟ್ಟಗೆ ರೋಸಿಯ ಬಳಿಗೆ ನಡೆದರು. ಎಲ್ಲ ಮುಗಿಯಿತು ಎಂದುಕೊಂಡೆ. ಆಕೆ ರೋಸಿಯ ಎರಡೂ ಕೈ ಹಿಡಿದುಕೊಂಡರು.

“ನನ್ನ ಅಜ್ಜಿಯ ಮನೆಯಲ್ಲಿ ಹೀಗೆ ತಡೆಯುತ್ತಿದ್ದರು. ಈಗ ಹಾಂಗ್‌ಕಾಂಗಿನಲ್ಲೂ ಎರಡು ನಿಮಿಷಕ್ಕೆ ಬಿಟ್ಟುಬಿಡುತ್ತಾರೆ. ನಿಮ್ಮದು ನಿಜವಾದ ಚೀನೀ ಮನೆ.” ಆಮೇಲೆ ನನ್ನ ಕಡೆ ತಿರುಗಿ, “ಮುಂದಿನ ವರ್ಷ ನನ್ನ ಕಿರಿಮಗಳ ಮದುವೆ. ಬಾಗಿಲಿಗೆ ನೀವೇ ಬರಬೇಕು,” ಎಂದರು.

ರೋಸಿ ಕಣ್ಣೊರೆಸಿಕೊಂಡು ಕನ್ನಡದಲ್ಲಿ ಪಿಸುಗುಟ್ಟಿದಳು: “ಹೂಂ ಅನ್ನಿ ಅಣ್ಣಾ. ಆದ್ರೆ ಯಾವ ವಾರ ಅಂತ ಮೊದ್ಲು ಕೇಳ್ಕೊಳ್ಳಿ.”