ಬೀಳುವ ಕಡೆ
ಟಿವಿಯಲ್ಲಿ ಯಾವ ದೇಶದ ಯುದ್ಧ ಬಂದರೂ ನೋಯ್ಡಾದ ಎಂಟನೇ ಮಹಡಿಯಲ್ಲಿ ವೈಜಯಂತಿಯವರಿಗೆ ಮೈ ಉರಿಯುತ್ತದೆ. ಲಾರಿಯ ಬೆನ್ನ ಮೇಲಿಂದ ರಾಕೆಟ್‌ಗಳು ಒಂದರ ಹಿಂದೊಂದು ಬುಸುಗುಟ್ಟಿ ಹಾರುವುದನ್ನು ನಿರೂಪಕ ಸಿಕ್ಸರ್ ಬಿದ್ದಂತೆ ಕೂಗಿ ಹೇಳುತ್ತಿದ್ದರೆ, ಇವರು ಸೌಟು ಹಿಡಿದೇ ಅಡುಗೆಮನೆಯಿಂದ ಓಡಿಬರುತ್ತಾರೆ. “ಭಯ್ಯಾ, ಹಾರಿದ್ದು ನೋಡಾಯ್ತು, ಬಿದ್ದಿದ್ದೆಲ್ಲಿ ತೋರ್ಸು!” ಅವನು ತೋರಿಸುವುದಿಲ್ಲ. ಆ ಸಿಟ್ಟೆಲ್ಲ ಲಿಫ್ಟಿನಲ್ಲಿ ಸಿಕ್ಕವರ ಮೇಲೆ. ಬಾಗಿಲಿಗೆ ಕಾಲು ಕೊಟ್ಟು ನಿಂತು, “ಅದೇನು ಒಬ್ಬನಿಗೆ ಗುರಿಯಿಟ್ಟು ಹೊಡೆಯೋ ಬಂದೂಕಾ? ಗೇಟಿಂದ ಹಿಂದಿನ ಟವರ್‌ವರೆಗೂ ಸುರಿಯತ್ತೆ, ಈ ಇಡೀ ಸೊಸೈಟಿಗೆ ಒಂದೇ ಲಾರಿ ಸಾಕು!” ಎಂದು ಶುರುಮಾಡಿದರೆ ಕೆಳಗಿನವರು ಕಾದು ಕಾದು ಮೆಟ್ಟಿಲು ಹತ್ತಬೇಕು. ಇವರು ಒಳಗಿದ್ದರೆ ನಾಯಿ ಕರೆದುಕೊಂಡು ಬಂದವರೂ ಲಿಫ್ಟ್ ಬಿಟ್ಟುಕೊಡುತ್ತಾರೆ. ದೀಪಾವಳಿಯಲ್ಲಂತೂ ಕೇಳಲೇಬೇಡಿ. ಮಕ್ಕಳು, ಅಪ್ಪಂದಿರು ಎಲ್ಲ ರಾಕೆಟ್ ಇಟ್ಟ ಬಾಟಲಿಯ ಸುತ್ತ ನಿಂತು ಆಕಾಶ ನೋಡುತ್ತಿದ್ದರೆ, ಇವರೊಬ್ಬರೇ ಬಕೆಟ್ ತುಂಬ ನೀರು ಹೊತ್ತು, ಎಲ್ಲರನ್ನೂ ಬೈಯುತ್ತ, ಪಾರ್ಕಿನಲ್ಲಿ ಅವು ಬೀಳುವ ಆ ತುದಿಗೆ ಹೋಗಿ ನಿಲ್ಲುತ್ತಾರೆ. ಈ ಸಲ ಪಕ್ಕದ ಮನೆಗೆ ಹೊಸದಾಗಿ ಬಂದ ಧಾರಿಣಿ, “ಅಲ್ಯಾಕೆ ನಿಂತಿದೀರಾ ಆಂಟಿ? ಈ ಕಡೆ ಬನ್ನಿ, ಚೆನ್ನಾಗಿ ಕಾಣತ್ತೆ” ಎಂದು ಕರೆದಳು. “ಯುದ್ಧದಲ್ಲಿ ರಾಕೆಟ್ ಹಾರಿಸೋ ಲಾರಿಗಳನ್ನ ರೂಪಿಸೋ ಕೆಲಸದಲ್ಲೇ ಕೂದಲು ಬೆಳ್ಳಗಾಯ್ತು ಕಣೇ ನಂಗೆ,” ಎಂದು ಗದರಿದರು ವೈಜಯಂತಿ. “ಪ್ರತಿ ಪರೀಕ್ಷೆಗೂ ಹಾರೋ ಕಡೆನೇ ನಿಂತು ಚಪ್ಪಾಳೆ ತಟ್ಟಿದೀನಿ. ಆಮೇಲೆ ನಮ್ಮ ಲಾರಿ ಯುದ್ಧಕ್ಕೂ ಹೋಗಿಬಂತು. ಬಿದ್ದ ಜಾಗ ಮಾತ್ರ ಯಾರೂ ತೋರಿಸ್ಲಿಲ್ಲ. ನಾನೂ ಕೇಳ್ಲಿಲ್ಲ.”