ತಾತನ ಕೆಂಪು ಬೆಲ್ಟು

ಇಟಲಿಯ ಮೊಡೆನಾದಲ್ಲಿ ರೇಸ್ ಕಾರುಗಳಿಗೆ ಸೀಟ್ ಬೆಲ್ಟು ಹೊಲಿಯುವ ನಮ್ಮ ಅಂಗಡಿಯಲ್ಲಿ, ಯಾವ ಓಟ ಹೆಚ್ಚು ಅಪಾಯ ಎಂಬ ಜಗಳ ದಿನಾ ಇದ್ದದ್ದೇ. ಗಿರಾಕಿಗಳ ಬಾಯಿಗೆ ಬೀಗ ಹಾಕುವವಳು ವಿಲ್ಮಾ. ಅವಳ ಪಕ್ಕದ ಮಷಿನ್ನಿನಲ್ಲಿ ಇಪ್ಪತ್ತೆರಡು ವರ್ಷ ಕೂತವಳು ನಾನು. ಅವಳ ನಾಲಿಗೆಯ ಚುರುಕು ನನಗೂ ತಾಗಿದೆ.

“ಸರ್ಕ್ಯೂಟಲ್ಲಿ ವೇಗ ಜಾಸ್ತಿ, ಸರಿ. ಆದ್ರೆ ಜಾರಿದ್ರೆ ಕಾರು ನಿಲ್ಲೋಕೆ ಮರಳು ಹಾಸಿದೆ, ಓಡಿಬರೋಕೆ ಡಾಕ್ಟರಿದ್ದಾರೆ. ರ‍್ಯಾಲಿಲಿ ತಿರುವು ಓದಿ ಹೇಳೋಕೆ ಪಕ್ಕದಲ್ಲೊಬ್ಬ ಇರ್ತಾನೆ. ಬೆಟ್ಟ ಹತ್ತೋ ಓಟದಲ್ಲಿ ಒಂದೊಂದೇ ಕಾರು ಬಿಡ್ತಾರೆ, ಗುದ್ದೋರೇ ಇಲ್ಲ ಅಂತ ಧೈರ್ಯ ನಿಮಗೆ. ಮರ ಏನು ಪಕ್ಕಕ್ಕೆ ಸರಿಯುತ್ತಾ?” ಎನ್ನುತ್ತಿದ್ದಳು.

ಅವಳ ಗಂಡ ಲೆಯಾರ್ಕೊ ಅಂಥ ಓಟದಲ್ಲೇ ಕಲ್ಲುಗೋಡೆಗೆ ಗುದ್ದಿ, ಕೂದಲೂ ಕೊಂಕದೆ ಎದ್ದು ಬಂದಿದ್ದ. ಜೀವ ಉಳಿಸಿದ ಬೆಲ್ಟನ್ನು ನಮ್ಮಲ್ಲಿ ಯಾರೂ ಎಸೆಯುವುದಿಲ್ಲ. ಆ ಕೆಂಪು ಬೆಲ್ಟು ಅವರ ಅಡುಗೆಮನೆಯಲ್ಲಿ ಮಾತೆ ಮರಿಯಳ ಚಿತ್ರದ ಪಕ್ಕ ನೇತಾಡುತ್ತಿತ್ತು. ಲೆಯಾರ್ಕೊ ಮುದುಕನಾಗಿ ಹಾಸಿಗೆಯಲ್ಲೇ ತೀರಿಕೊಂಡ ಮೇಲೆ ವಿಲ್ಮಾ ದಿನವೂ ಅದರ ಧೂಳು ಒರೆಸುತ್ತಿದ್ದಳು.

ಈ ಮೇ ತಿಂಗಳಲ್ಲಿ ಅವಳ ಮೊಮ್ಮಗಳು ಜಿನೆವ್ರಾ ಮೊದಲ ಸಲ ಬೆಟ್ಟದ ಓಟಕ್ಕೆ ಹೆಸರು ಕೊಟ್ಟಳು. ಶುಕ್ರವಾರ ಅಂಗಡಿಗೆ ಬಂದು ತಾತನ ಬೆಲ್ಟನ್ನು ಮೇಜಿನ ಮೇಲಿಟ್ಟಳು.

“ಅಜ್ಜಿ, ನೀನು ನಂಗೆ ಹೊಲಿದ ಹೊಸ ಬೆಲ್ಟಿನ ತಾರೀಕಿನ ಚೀಟಿ ಬಿಚ್ಚಿ ಇದಕ್ಕೆ ಹೊಲಿದುಕೊಡು. ನೀನು ಹೊಲಿದ್ರೆ ತಪಾಸಣೆಯೋರಿಗೆ ಗೊತ್ತೇ ಆಗಲ್ಲ.”

ತಾರೀಕು ಮೀರಿದ ಬೆಲ್ಟು ಕಟ್ಟಿಕೊಂಡವರನ್ನು ಓಟಕ್ಕೆ ಬಿಡುವುದಿಲ್ಲ. ಅದೃಷ್ಟದ ಹಳೇ ಬೆಲ್ಟಿಗೆ ಹೊಸ ಚೀಟಿ ಹೊಲಿಸುವ ಹುಚ್ಚು ನಮ್ಮವರಿಗೆ ಹೊಸದೇನಲ್ಲ.

“ತಾತನ್ನ ಉಳಿಸಿದ್ದು ಇದೇ ತಾನೆ?”

“ಹೌದು ಕಣೆ. ಅವತ್ತು ಅವನ ಭಾರವನ್ನೆಲ್ಲ ಹಿಡಿದು ಹಿಗ್ಗಿಹೋಗಿದೆ. ಬೆಲ್ಟು ಜೀವ ಉಳಿಸೋದು ಒಂದೇ ಸಲ.”

“ನಿಂಗೆ ಹೆದರಿಕೆ ಅಷ್ಟೆ.”

“ಹೆದರಿಕೆ ಇಲ್ದೆ ನಲವತ್ತು ವರ್ಷ ಬೆಲ್ಟು ಹೊಲೀತಾರಾ?”

ವಿಲ್ಮಾ ದೊಡ್ಡ ಕತ್ತರಿ ತೆಗೆದಳು. ಬೆಲ್ಟು ಎರಡು ತುಂಡಾಯಿತು. ಜಿನೆವ್ರಾ ಮುಖ ಊದಿಸಿಕೊಂಡು, ಹೊಸ ಬೆಲ್ಟನ್ನು ಎತ್ತಿಕೊಂಡು ಹೊರಟುಹೋದಳು.

“ಗೋಡೆ ಮೇಲೆ ಇರಲಿ ಅಂತ ಬಿಡಬಹುದಿತ್ತು,” ಎಂದೆ.

“ಇದ್ರೆ ಇನ್ಯಾರ ಹತ್ರನಾದ್ರೂ ಹೊಲಿಸ್ಕೊಂಡು ಹೋಗ್ತಾಳೆ. ಅವಳದ್ದೂ ತಾತನದೇ ಹಟ.”

ಭಾನುವಾರ ನಾವಿಬ್ಬರೂ ಬೆಟ್ಟದ ದಾರಿಯ ನಾಲ್ಕನೇ ತಿರುವಿನ ಮೇಲಿನ ದಿಬ್ಬದಲ್ಲಿ ನಿಂತು ಬಿಸಿ ರೊಟ್ಟಿಗೆ ಹಂದಿಕೊಬ್ಬು ಸವರಿಕೊಂಡು ತಿನ್ನುತ್ತಿದ್ದೆವು. ಜಿನೆವ್ರಾಳ ಕಾರು ಜಾರಿತು, ಚೆಸ್ಟ್‌ನಟ್ ಮರಕ್ಕೆ ನೆಟ್ಟಗೆ ಬಡಿಯಿತು. ವಿಲ್ಮಾ ಹಿಡಿದ ಹಿಡಿತಕ್ಕೆ ನನ್ನ ತೋಳು ವಾರವಿಡೀ ಕಪ್ಪಿಟ್ಟಿತ್ತು. ಕಾರಿನ ಬಾಗಿಲು ತೆರೆದು ಹುಡುಗಿ ಇಳಿದಳು. ಹೆಗಲ ಮೇಲೆ ಬೆಲ್ಟು ಒತ್ತಿದ ಎರಡು ನೀಲಿ ಬರೆ, ಮತ್ತೇನಿಲ್ಲ.

ಸೋಮವಾರ ಅವಳು ಅಂಗಡಿಗೆ ಬಂದವಳೇ ಮೊಳೆಯಿಂದ ಕತ್ತರಿ ಇಳಿಸಿ, ಆ ಹೊಸ ಬೆಲ್ಟನ್ನು ತಾನೇ ಕತ್ತರಿಸಿದಳು.

“ಇದರ ಕೆಲಸವೂ ಮುಗೀತು ಅಜ್ಜಿ. ಇನ್ನೊಂದು ಹೊಲಿ.”

ವಿಲ್ಮಾ ಮೂಗು ಒರೆಸಿಕೊಂಡು ಮಷಿನ್ನಿಗೆ ನೂಲು ಪೋಣಿಸಿದಳು. “ಯಾವ ಬಣ್ಣ?”

“ಕೆಂಪು.”