ಇಪ್ಪತ್ತೇಳು ಸೆಕೆಂಡಿನ ಅಂಬಮ್ಮ

ಬೆಳಗಿನ ಐದು ಗಂಟೆ. ಆದವಾನಿಯ ಹತ್ತಿ ಜಿನ್ನಿಂಗ್ ಮಿಲ್ಲುಗಳ ಹಿಂದಿನ ಓಣಿಯಲ್ಲಿ ಕರೆಂಟ್ ಇಲ್ಲ. ಹೊಸ್ತಿಲೊಳಗೆ ಚಾಪೆ ಹಾಸಿ ಕುಳಿತ ಅಂಬಮ್ಮನ ತೊಡೆಯ ಮೇಲೆ ಅಂಗೈಯಗಲದ ಹಲಗೆಯೊಂದಿದೆ. ಒಂದು ಕಾಲಕ್ಕೆ ಬಿಳಿಯಾಗಿದ್ದದ್ದು ಈಗ ಹಳದಿ. ಮೈತುಂಬ ಸೂಜಿ ತೂತು. ಹಣೆಗೆ ಕಟ್ಟಿಕೊಂಡ ಟಾರ್ಚಿನ ಬೆಳಕಿನಲ್ಲಿ ಆಕೆ ಎಂಟು ಕಾಲಿನ ಕರಿ ಐಸಿ ಚಿಪ್ಪೊಂದನ್ನು ಅದರ ನಡುಮಧ್ಯೆ ಒತ್ತಿ ಕೂರಿಸುತ್ತಾಳೆ.

"ಇದಕ್ಕ ಬ್ರೆಡ್‌ಬೋರ್ಡ್ ಅಂತಾರ. ಬ್ರೆಡ್ಡೂ ಇಲ್ಲ, ರೊಟ್ಟೀನೂ ಇಲ್ಲ. ಹೆಸರಿಟ್ಟಾವ ಹಸದಿದ್ದ ಕಾಣತೈತಿ," ಎಂದು ನಗುತ್ತಾಳೆ.

ನಗುತ್ತಲೇ ಎರಡು ರೆಸಿಸ್ಟರ್‌ಗಳನ್ನು ಒಂದರ ಹಿಂದೊಂದು ಚುಚ್ಚುತ್ತಾಳೆ, ಇನ್ನೂರಿಪ್ಪತ್ತು ಕಿಲೋ ಓಮ್‌ನದೊಂದು, ಇಪ್ಪತ್ತೇಳು ಕಿಲೋ ಓಮ್‌ನದೊಂದು. ಪಕ್ಕಕ್ಕೆ ಒಂದು ಕಪಾಸಿಟರ್, ಒಂದು ಕೆಂಪು ದೀಪ, ಗುಂಡಿಯಷ್ಟು ಬಜರ್. "ಕಪಾಸಿಟರ್ ಅಂದ್ರ ಕೊಡ. ರೆಸಿಸ್ಟರ್ ಸಣ್ಣ ನಳ. ಕೊಡ ತುಂಬೋಮಟ ಗಂಟಿ ಹೊಡಕೋತೈತಿ. ತುಂಬಿತು ಅಂದ್ರ ಗಂಟಿ ನಿಂತು, ಮಷೀನಿಗೆ ಕರೆಂಟ್ ಬಿಡತೈತಿ. ಇಷ್ಟಾ ನೋಡ್ರಿ ನನ್ನ ವಿದ್ಯಾ." ಏಳನೇ ಇಯತ್ತೆಗೆ ಶಾಲೆ ಬಿಟ್ಟ ಹೆಂಗಸಿನ ಬಾಯಲ್ಲಿ ಈ ಪಾಠ ಕೇಳಿದರೆ ನಮ್ಮ ಇಂಜಿನಿಯರುಗಳು ತಲೆ ತಗ್ಗಿಸಬೇಕು.

ಐದೂ ಹತ್ತಕ್ಕೆ ಕರೆಂಟ್ ಬಂದು ಮನೆಯ ಬಲ್ಬು ಹೊತ್ತಿಕೊಳ್ಳುತ್ತದೆ. ಬಜರ್ ಚೀರುತ್ತದೆ. ಅಂಬಮ್ಮ ಕಣ್ಣು ಮುಚ್ಚಿ ಎಣಿಸುತ್ತಾಳೆ: "ಲಾಭ, ಎರಡು, ಮೂರು..." ಈ ಸೀಮೆಯಲ್ಲಿ ಕಾಳು ಅಳೆಯುವವರು ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ಏಳು ಅಂದರೆ ಅಳು ಎಂದು ಹೆದರಿ 'ಆರೂ ಒಂದು' ಅನ್ನುತ್ತಾರೆ. ಆಕೆಯೂ ಹಾಗೇ ಎಣಿಸುತ್ತಾಳೆ. ಇಪ್ಪತ್ತೇಳಕ್ಕೆ ಬಜರ್ ನಿಂತು, ಮಷೀನಿಗೆ ಕರೆಂಟ್ ಬಿಡುವ ರಿಲೇ 'ಟಕ್' ಎನ್ನುತ್ತದೆ.

ಆಗ ಗಮನಕ್ಕೆ ಬರುವುದು ಓಣಿಯ ಮೌನ. ಕರೆಂಟ್ ಬಂದರೆ "ಬಂತೂ!" ಎಂದು ಕೂಗದ ಓಣಿ ನಮ್ಮ ಕಡೆ ಎಲ್ಲಾದರೂ ಉಂಟೇ? ಇಲ್ಲಿ ಒಬ್ಬರೂ ಕೂಗುವುದಿಲ್ಲ. ಎದುರು ಮನೆಯಲ್ಲಿ ಕಸ ಗುಡಿಸುತ್ತಿದ್ದ ಹೆಂಗಸು ಬಜರ್ ನಿಲ್ಲುವವರೆಗೂ ಕಸಬರಿಗೆ ಎತ್ತಿ ಹಿಡಿದು ನಿಂತಿರುತ್ತಾಳೆ, ಆಮೇಲೆ ಗುಡಿಸುತ್ತಾಳೆ. ಹತ್ತಿಯ ಎಳೆಗಳು ಗಾಳಿಯಲ್ಲಿ ತೇಲುತ್ತಿವೆ. ನಾಯಿ ಕೂಡ ಬೊಗಳುವುದಿಲ್ಲ.

ಆರು ವರ್ಷದ ಹಿಂದೆ ಈ ಓಣಿಯೂ ಕೂಗುತ್ತಿತ್ತು. ಅಂಬಮ್ಮನ ಗಂಡ ಕೊಟ್ರೇಶ ಹಿಂದಿನ ಮಿಲ್ಲಿನಲ್ಲಿ ಫಿಟ್ಟರ್. ಕರೆಂಟ್ ಬಂದೊಡನೆ ಮಷೀನು ತಾನೇ ತಿರುಗಲೆಂದು ಅಲ್ಲಿ ಸ್ಟಾರ್ಟರಿನ ಹಿಡಿಕೆಗೆ ಕಡ್ಡಿ ಸಿಗಿಸುವ ರೂಢಿ. ಕರೆಂಟ್ ಹೋದಾಗ ಹಲ್ಲುಗಳ ನಡುವೆ ಸಿಕ್ಕಿಕೊಂಡ ಹತ್ತಿ ಕೀಳಲು ಮೊಣಕೈವರೆಗೂ ಕೈ ಹಾಕಬೇಕು. ಎಂಥ ಧೈರ್ಯದ ಮೇಲೆ ಹಾಕುತ್ತಿದ್ದರು? ಓಣಿಯ ಲೈನಿಗೆ ಕರೆಂಟ್ ಮೊದಲು ಬರುತ್ತಿತ್ತು, ಮಿಲ್ಲಿನ ಲೈನಿಗೆ ಸ್ವಲ್ಪ ತಡ. ಕೊಟ್ರೇಶ ಗಡಿಯಾರ ಹಿಡಿದು ನೋಡಿದ್ದ, ಇಪ್ಪತ್ತೇಳು ಸೆಕೆಂಡು. "ಬಲ್ಬ್ ಹತ್ತಿದ ಕೂಡ್ಲೆ ನೀ ಕೂಗು, ನಾ ಹೊರಗ ಬರತೀನಿ," ಎಂದು ಹೆಂಡತಿಗೆ ಹೇಳಿಟ್ಟಿದ್ದ. ಹಿತ್ತಿಲ ಗೋಡೆಯಾಚೆಯೇ ಮಿಲ್ಲು.

ಆ ದಿನ ಬೆಳಿಗ್ಗೆ ಪಕ್ಕದ ಮನೆಯ ಮುದುಕಿ ಜಂಬಮ್ಮ ತೀರಿಕೊಂಡಿದ್ದಳು. ಹೆಣ ಅಂಗಳದಲ್ಲಿತ್ತು. ಓಣಿಗೆ ಓಣಿಯೇ ತಲೆ ತಗ್ಗಿಸಿ ಕುಳಿತಿತ್ತು. ಬಲ್ಬು ಹೊತ್ತಿತು.

"ಸತ್ತ ಮನಿ ಮುಂದ ಹೆಂಗ್ರೀ ಕೂಗೋದು? ಮಂದಿ ಏನಂತಾರ? ಬಾಯಿಗೆ ಸೆರಗ ಒತ್ತಿಕೊಂಡೆ. ಈ ಕೈಲೇ," ಎಂದು ಅಂಬಮ್ಮ ಬಲಗೈ ತೋರಿಸುತ್ತಾಳೆ. "ಗ್ವಾಡಿ ಆಚೆ ಮಷೀನ್ ಚಾಲೂ ಆತು. ಒಂದ್ ಸಲ ತಡದು, ಮತ್ತ ತಿರಗಿತು." ಅಯ್ಯೋ, ಅದನ್ನು ಕೇಳಿಸಿಕೊಂಡವರ ಎದೆ ಹೇಗೆ ಒಡೆಯದೆ ಉಳಿಯಿತೋ!

ಮುಂದೊಂದು ದಿನ, ಪಾಲಿಟೆಕ್ನಿಕ್ ಓದುತ್ತಿದ್ದ ಮಗಳು ಶೋಭಾರಾಣಿ ಮನೆಗೆ ತಂದಿದ್ದು ಈ ಹಲಗೆ. ದೀಪ ಮಿಣುಕಿಸಿ, ಬಜರ್ ಕೂಗಿಸಿ ತೋರಿಸಿದಳು. ತಾಯಿ ಕೇಳಿದ್ದು ಒಂದೇ ಮಾತು: "ಕರೆಂಟ್ ಬಂದಾಗ ಇದು ತಾನಾಗೇ ಕೂಗತೈತೇನು? ಯಾರು ಸತ್ತಿದ್ರೂ ಕೂಗತೈತೇನು?" ಅಂದಿನಿಂದ ಇಂದಿನವರೆಗೆ ಅರವತ್ತಮೂರು ಟೈಮರ್. ಆದವಾನಿಯ ಮಿಲ್ಲುಗಳಿಗೆ, ಕೌತಾಳಂ, ಗೋನೆಗಂಡ್ಲದ ಹಿಟ್ಟಿನ ಗಿರಣಿಗಳಿಗೆ. ಪ್ರತಿಯೊಂದೂ ಮೊದಲು ಇದೇ ಹಲಗೆಯ ಮೇಲೆ ಒಂದು ಬೆಳಗು ಕೂಗಬೇಕು, ಆಮೇಲೆಯೇ ಬೆಸುಗೆ. ಎಲ್ಲಕ್ಕೂ ಇಪ್ಪತ್ತೇಳೇ ಸೆಕೆಂಡು. ಎರಡೂ ಲೈನು ಒಂದಾಗಿ ಮೂರು ವರ್ಷವಾದರೂ ಲೆಕ್ಕ ಬದಲಾಗಿಲ್ಲ.

ಟೈಮರಿನ ಜೊತೆ ಆಕೆ ಒಂದು ಕಟ್ಟಳೆಯನ್ನೂ ಕೊಡುತ್ತಾಳೆ: ಗಂಟೆ ಕೂಗುವಾಗ ಮಷೀನಿಗೊಬ್ಬನಂತೆ "ಹೊರಗ ಅದೀನಿ" ಎಂದು ಗಟ್ಟಿಯಾಗಿ ಹೇಳಬೇಕು.

ಕೊಟ್ರೇಶ ಸತ್ತ ಮಿಲ್ಲಿನಲ್ಲೂ ಇದೇ ಟೈಮರಿದೆ. ಅಲ್ಲಿಯ ಹಳೆಯ ಆಳು ಮಾರೆಣ್ಣ ಬೀಡಿ ಆರಿಸಿ, ದನಿ ತಗ್ಗಿಸುತ್ತಾನೆ. "ಆರು ಮಷೀನು, ಆರು ಮಂದಿ ಅದೀವಿ. ದನಿ ಆರೂ ಒಂದು ಬರತಾವ. ಕಡೀದು ಕೊಟ್ರೇಶ ಕೈ ಹಾಕಿದ್ದ ಮೂರನೇ ಮಷೀನ್ ಕಡಿಂದ, ಗಂಟಿ ನಿಲ್ಲೋಕ ಸ್ವಲ್ಪ ಮುಂಚೆ. ಓಡಿ ಬಂದಾವ ದಮ್ಮು ತಗೊಂಡಂಗ. ನಂಬಿದ್ರ ನಂಬ್ರಿ, ಬಿಟ್ರ ಬಿಡ್ರಿ."

ನಂಬದಿದ್ದವರು ಮಾಲೀಕ ಚಂದ್ರಣ್ಣ. ಐದು ಗಂಟೆಯ ಆ ಬೆಳಗು ಕಳೆದು ವಾರದೊಳಗೆ, ಸೀಜನ್ ಎಂದು ಯಾರನ್ನೋ ಕರೆಸಿ ಟೈಮರನ್ನು ಹತ್ತು ಸೆಕೆಂಡಿಗೆ ಇಳಿಸಿದರು. ಮುಂದಿನ ಎರಡು ದಿನ ಆರೇ ದನಿ ಬಂದವು. ಮೂರನೇ ಮಷೀನು ಹಾಕಿದ ಹತ್ತಿಯನ್ನೆಲ್ಲ ಹೊರಕ್ಕೇ ತಳ್ಳಿತು. ಬಿಚ್ಚಿ ನೋಡಿದರೆ ಒಳಗೆ ಏನೂ ಇಲ್ಲ. ಆಳುಗಳು ಅದರ ಹತ್ತಿರ ಹೋಗಲೊಲ್ಲರು. ಮಾರೆಣ್ಣನೇ ಬಂದು ಅಂಬಮ್ಮನಿಗೆ ಸುದ್ದಿ ಮುಟ್ಟಿಸಿದ. ಹತ್ತು ಸೆಕೆಂಡು!

ಮಾರನೆಯ ದಿನ ಚಂದ್ರಣ್ಣನೇ ಮನೆಗೆ ಬರುತ್ತಾರೆ, ಮಾತು ಅರ್ಧ ತೆಲುಗು. "ಏಮಮ್ಮಾ, ದಿನಾ ನಾಕೈದ್ ಸಲ ಕರೆಂಟ್ ಹೋಗತೈತಿ. ಟೈಮ್ ವೇಸ್ಟ್ ಅವುತುಂದಿ ಕದಾ? ಇಪ್ಪತ್ತೇಳೇ ಯಾಕ ಬೇಕು? ಮಿಲ್ಲಿಗೆ ಬಂದು ನೀನೇ ತೋರ್ಸು."

"ನೀವು ಮಷೀನ್‌ದಾಗ ಕೈ ಇಡ್ರಿ. ಅವಾಗ ಹತ್ತಕ್ಕ ಇಡತೀನಿ," ಎನ್ನುತ್ತಾಳೆ. ಆದರೆ ಮಾತು ಅಷ್ಟಕ್ಕೇ ಮುಗಿಯುವುದಿಲ್ಲ. ಆರು ವರ್ಷದಿಂದ ಆಕೆ ಆ ಗೇಟು ದಾಟಿಲ್ಲ. ಅಲ್ಲಿಯ ಟೈಮರನ್ನೂ ಮಾರೆಣ್ಣನ ಕೈಯಲ್ಲಿ ಕಳಿಸಿದ್ದಳು. ಹೋಗಿ ದನಿ ಕೇಳಿಸದಿದ್ದರೆ? ಕೇಳಿಸಿಬಿಟ್ಟರೆ? ಯಾವುದಕ್ಕೆ ಹೆಚ್ಚು ಹೆದರಿದಳೋ ತನಗೇ ತಿಳಿಯದು ಎನ್ನುತ್ತಾಳೆ. ಕೊನೆಗೆ ಹಲಗೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಡುತ್ತಾಳೆ.

ಮಿಲ್ಲಿನೊಳಗೆ ನಡುಹಗಲಲ್ಲೂ ಮಬ್ಬು. ಆಕೆ ಮೂರನೇ ಮಷೀನಿನತ್ತ ನೋಡುವುದಿಲ್ಲ. ಗೋಡೆಯ ಪೆಟ್ಟಿಗೆ ಬಿಚ್ಚಿ, ಹತ್ತರ ಟೈಮರ್ ಕಿತ್ತು, ತನ್ನ ಹಳೆಯ ಹಲಗೆಯನ್ನೇ ತಂತಿಗಳಿಗೆ ಸಿಗಿಸುತ್ತಾಳೆ. ಮಾರೆಣ್ಣ ಮೇನ್ ಸ್ವಿಚ್ ಇಳಿಸಿ, ಮತ್ತೆ ಏರಿಸುತ್ತಾನೆ.

ಬಲ್ಬುಗಳು ಹೊತ್ತುತ್ತವೆ. ಬಜರ್ ಚೀರುವ ಮೊದಲೇ, ಯಾರೂ ಎಣಿಸಿರದ ಒಂದು ಕೂಗು ಸೂರಿಗೆ ಬಡಿಯುತ್ತದೆ: "ಬಂತೂ! ಏ, ಬಂತೂ!"

ಕೂಗಿದ್ದು ಅಂಬಮ್ಮ. ಆರು ವರ್ಷ ಬಾಯೊಳಗೇ ಉಳಿದಿದ್ದ ಕೂಗು.

ಆಮೇಲೆ ಬಜರಿನ ಸದ್ದಿನಡಿ ಒಂದೊಂದೇ ದನಿ. "ಹೊರಗ ಅದೀನಿ." "ಹೊರಗ ಅದೀನಿ." ಅಂಬಮ್ಮನ ಹೆಬ್ಬೆರಳು ಬೆರಳ ಗೆಣ್ಣುಗಳ ಮೇಲೆ ಸರಿಯುತ್ತದೆ. ಲಾಭ, ಎರಡು, ಮೂರು, ನಾಲ್ಕು, ಐದು, ಆರು. ಆರಕ್ಕೆ ನಿಲ್ಲುತ್ತದೆ. ಹತ್ತು ಸೆಕೆಂಡು ದಾಟುತ್ತದೆ. ಇಪ್ಪತ್ತು ದಾಟುತ್ತದೆ. ಚಂದ್ರಣ್ಣ ಏನೋ ಹೇಳಲು ಬಾಯಿ ತೆರೆಯುತ್ತಾರೆ.

ಬಜರ್ ನಿಲ್ಲುವ ಮುಂಚೆ ಹೆಬ್ಬೆರಳು ಇನ್ನೊಂದು ಗೆಣ್ಣಿಗೆ ಸರಿಯುತ್ತದೆ. ಚಂದ್ರಣ್ಣ ತೆರೆದ ಬಾಯಿ ತೆರೆದಂತೆಯೇ ಮೂರನೇ ಮಷೀನಿನತ್ತ ತಿರುಗುತ್ತಾರೆ. ರಿಲೇ 'ಟಕ್' ಎನ್ನುತ್ತದೆ. ಆರೂ ಮಷೀನುಗಳು ತಿರುಗತೊಡಗುತ್ತವೆ. ಮೂರನೆಯದು ತಡೆಯದೆ ಹತ್ತಿ ನುಂಗುತ್ತದೆ.

ಈಗ ಆ ಪೆಟ್ಟಿಗೆಗೆ ಬೀಗವಿದೆ, ಬೀಗದ ಕೈ ಅಂಬಮ್ಮನ ಸೊಂಟದಲ್ಲಿದೆ. ಕೊಟ್ಟವರು ಚಂದ್ರಣ್ಣನೇ. ಹಳೆಯ ಹಲಗೆಯೂ ಅಲ್ಲೇ ಇದೆ, ಆಕೆ ಮಗಳಿಂದ ಹೊಸದೊಂದು ತರಿಸಿಕೊಂಡಿದ್ದಾಳೆ. ಏನಾದರೂ ಆಸೆ ಉಂಟೇ ಎಂದರೆ, ಕರಿ ಐಸಿಯ ಬಾಗಿದ ಕಾಲೊಂದನ್ನು ಉಗುರಿನಿಂದ ನೆಟ್ಟಗೆ ಮಾಡುತ್ತಾ ಹೇಳುತ್ತಾಳೆ:

"ಏನೂ ಇಲ್ರೀ. ಇಪ್ಪತ್ತೇಳು ಯಾರೂ ಕಮ್ಮಿ ಮಾಡಬಾರದು, ಅಷ್ಟಾ. ಸಾಕಾಗತೈತಿ ಆತಗ. ಹೊರಗ ಬರತಾನ."